ಅಪ್ಪ ಅಮ್ಮನ ಜೊತೆ ಆಲಪ್ಪುಳದಲ್ಲಿ ಒಂದು ದಿನ: ಹೌಸ್‌ಬೋಟ್ ಒಳ್ಳೆಯದಾ, ವಾಟರ್ ಟ್ಯಾಕ್ಸಿಯಾ?

ಎರಡೂ ಬೇಡ ಮಾರಾಯ್ರೆ, ಊರಿನ ಜನ ದಿನಾ ಓಡಾಡುವ ಸರ್ಕಾರಿ ಲೈನ್ ಬೋಟು ಹತ್ತಿ. ಕಾಸರಗೋಡಿನಿಂದ ಮಾವೇಲಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೋಗಿ ಮರುರಾತ್ರಿ ಮಾವೇಲಿಯಲ್ಲೇ ವಾಪಸ್ ಬರಲು ಟಿಕೆಟ್ ಆಗಿದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ನಾನು ಬರೆಯಲು ಕೂತದ್ದು. ಆ ವಾಪಸ್ ಟಿಕೆಟನ್ನು ಮೊದಲು ಕ್ಯಾನ್ಸಲ್ ಮಾಡಿ.

ನಾವೂ ಹಾಗೇ ಹೋದವರು. ಅಪ್ಪ, ಅಮ್ಮ, ಸೋದರಮಾವ, ನಾನು. ಕಾಸರಗೋಡು ಪಕ್ಕದ ನಮ್ಮ ಬದಿಯಡ್ಕದವರಿಗೆ ಮಾವೇಲಿ ಬಿಟ್ಟರೆ ಬೇರೆ ರೈಲು ನೆನಪಾಗುವುದು ಕಷ್ಟ. ಆಲಪ್ಪುಳದ ರೈಲ್ವೆ ಸ್ಟೇಷನ್ ಇರುವುದು ಕಡಲ ಬದಿಗೆ; ಬೋಟ್ ಜೆಟ್ಟಿ ಊರಿನ ಇನ್ನೊಂದು ಮಗ್ಗುಲಲ್ಲಿ, ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಿನ ಹತ್ತಿರ. ಜೆಟ್ಟಿಯ ಪಕ್ಕ ಲಾಡ್ಜ್ ಹಿಡಿದು, ಮಿಂದು, ತಿಂಡಿ ತಿಂದು, ಬ್ಯಾಗು ರೂಮಿನಲ್ಲಿಟ್ಟು ಕೊಟ್ಟಾಯಂ ಬೋಟು ಹತ್ತಿದೆವು. ತಲೆಗೆ 30 ರೂಪಾಯಿಯೂ ಆಗಲಿಲ್ಲ.

ಆ ಎರಡೂವರೆ ಗಂಟೆಯನ್ನು ಈಗಲೂ ಯಾರು ಕೇಳಿದರೂ ಹೊಗಳುತ್ತೇನೆ. ಬೋಟು ಪುನ್ನಮಡ ದಾಟಿ ವೇಂಬನಾಡು ಕಾಯಲಿಗೆ, ಅಂದರೆ ಹಿನ್ನೀರಿಗೆ, ಇಳಿಯುತ್ತದೆ. ಕುಟ್ಟನಾಡಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗೆ. ನೀವು ಕೂತಲ್ಲಿಂದ ನೋಡಿದರೆ ನೀರು ಮೇಲೆ, ಒಡ್ಡಿನ ಆಚೆ ಭತ್ತ ಕೆಳಗೆ. ನಮ್ಮ ಮಾವ ಗದ್ದೆ ಮಾಡಿದವರು, ಅವರಿಗೆ ಅದನ್ನು ನಂಬಲಿಕ್ಕೇ ಆಗಲಿಲ್ಲ. ಪ್ರತಿ ಕಡವಿನಲ್ಲೂ (ಬೋಟು ನಿಲ್ಲುವ ಕಟ್ಟೆ) ಲಸ್ಕರ್, ಅಂದರೆ ಬೋಟಿನ ಕೆಲಸದವ, ಒಬ್ಬ ಹಗ್ಗ ಹಿಡಿದು ಹಾರಿ ಕಂಬಕ್ಕೆ ಒಂದು ಸುತ್ತು ಹಾಕುತ್ತಾನೆ, ಶಾಲೆ ಮಕ್ಕಳು ಹತ್ತುತ್ತಾರೆ, ಚುಕ್ಕಾಣಿ ಹಿಡಿದ ಸ್ರಾಂಕ್ ಗಂಟೆ ಎಳೆಯುತ್ತಾನೆ, ಕೆಳಗೆ ಎಂಜಿನ್ ಹತ್ತಿರ ಕೂತ ಡ್ರೈವರಿಗೆ ಅದೇ ಸೂಚನೆ. ಕೊಟ್ಟಾಯಂ ಹತ್ತಿರದ ತೋಡಿನಲ್ಲಿ (ಕಾಲುವೆಯಲ್ಲಿ) ಬೋಟು ಬಂದಾಗ ಎತ್ತಿ ದಾರಿ ಬಿಡುವ ಸಣ್ಣ ಪಾಲಗಳೂ, ಅಂದರೆ ಸೇತುವೆಗಳೂ, ಉಂಟು.

ಎಡವಟ್ಟು ಆದದ್ದು ಆಮೇಲೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಬೋಟು ಅಂದರೆ ಸುತ್ತಾಡಿಸಿ ಹತ್ತಿದಲ್ಲಿಗೇ ತಂದು ಬಿಡುತ್ತದೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಆದರೆ ಅದು ನಮ್ಮ ಕಾಸರಗೋಡು–ಮಂಗಳೂರು ಬಸ್ಸಿನ ಹಾಗೆ, ಊರಿಂದ ಊರಿಗೆ ಹೋಗುವುದು. ಇಳಿದದ್ದು ಕೊಟ್ಟಾಯಂನ ಕೋಡಿಮತ ಜೆಟ್ಟಿಯಲ್ಲಿ. ಬ್ಯಾಗು ಆಲಪ್ಪುಳದಲ್ಲಿ, ರೈಲೂ ಆಲಪ್ಪುಳದಿಂದ. ವಾಪಸ್ ಬೋಟು ಎಷ್ಟು ಗಂಟೆಗೆ ಅಂತ ಅಲ್ಲೇ ಕೇಳಬಹುದಿತ್ತು, ಕೇಳಲಿಲ್ಲ. ಊಟ ಮಾಡಿದೆವು. ತಿರುನಕ್ಕರ ಮಹಾದೇವನ ದರ್ಶನ ಆಗಲೇಬೇಕು ಅಂತ ಮಾವ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಮುಚ್ಚಿರುತ್ತದೆ, ಸಂಜೆ ತೆರೆಯುವ ತನಕ ಕಾದೆವು. ಜೆಟ್ಟಿಗೆ ಬಂದಾಗ ಕೊನೆಯ ಬೋಟು ಹೋಗಿಯಾಗಿತ್ತು. ಬಸ್ಸು ಹಿಡಿದರೆ, ಆಲಪ್ಪುಳ–ಚಂಗನಾಶ್ಶೇರಿ ರಸ್ತೆಯ ಕೆಲಸ ನಡೆಯುತ್ತಿದ್ದ ಕಾಲ ಅದು, ತಿರುವಲ್ಲ, ಅಂಬಲಪ್ಪುಳ ಅಂತ ಸುತ್ತು. ಲಾಡ್ಜಿಗೆ ಓಡಿ, ಬ್ಯಾಗು ಹೊತ್ತು, ಆಟೋದಲ್ಲಿ ಊರು ದಾಟಿ ಸ್ಟೇಷನ್ ಮುಟ್ಟಿದರೆ ಪ್ಲಾಟ್‌ಫಾರ್ಮ್ ಖಾಲಿ. ಸ್ಲೀಪರ್ ಟಿಕೆಟ್ ನೀರಿಗೆ. ಮರುದಿನ ಅಮ್ಮನನ್ನು ಜನರಲ್ ಬೋಗಿಯಲ್ಲಿ ಕೂರಿಸಿಕೊಂಡು ಬಂದೆ.

ಇದೆಲ್ಲ ತಪ್ಪಿಸಲಿಕ್ಕೆ ಬೇಕಾದದ್ದು ಕೊಟ್ಟಾಯಂನಿಂದ ವಾಪಸ್ ಬರುವ ಒಂದು ಟಿಕೆಟ್ ಮಾತ್ರ. ಎರ್ನಾಕುಳಂನಿಂದ ಕಾಯಂಕುಳಂವರೆಗೆ ರೈಲು ದಾರಿ ಎರಡು: ಒಂದು ಆಲಪ್ಪುಳದ ಮೇಲೆ, ಇನ್ನೊಂದು ಕೊಟ್ಟಾಯಂ ಮೇಲೆ. ಮಾವೇಲಿ ಮೊದಲನೆಯದರಲ್ಲಿ, ಮಲಬಾರ್ ಎಕ್ಸ್‌ಪ್ರೆಸ್ ಎರಡನೆಯದರಲ್ಲಿ, ಎರಡೂ ಕಾಸರಗೋಡಿನಲ್ಲಿ ನಿಲ್ಲುತ್ತವೆ. ಮಾವೇಲಿಯಲ್ಲಿ ಹೋಗಿ, ಬ್ಯಾಗು ಸಮೇತ ಬೋಟು ಹತ್ತಿ, ಕೊಟ್ಟಾಯಂನಲ್ಲಿ ರಾತ್ರಿ ಮಲಬಾರ್ ಹಿಡಿಯಿರಿ. ಅದಕ್ಕೇ ಬ್ಯಾಗು ಹಗುರ ಇರಲಿ.

ಹೌಸ್‌ಬೋಟ್ ನಿಮಗೆ ಯಾಕೆ ಬೇಡ ಅಂದರೆ, ಅದು ರಾತ್ರಿ ಚಲಿಸುವುದಿಲ್ಲ. ಮೀನುಗಾರರು ಬಲೆ ಬಿಡುವ ಹೊತ್ತು, ಸಂಜೆಯಾಗುತ್ತಲೇ ದಡಕ್ಕೆ ಕಟ್ಟಿಬಿಡುತ್ತಾರೆ. ನಿಂತ ಬೋಟಿನಲ್ಲಿ ಮಲಗಲಿಕ್ಕೆ ಅಷ್ಟು ದುಡ್ಡಾ? ಮಲಗಲೇಬೇಕಾದರೆ ನಮ್ಮ ಜಿಲ್ಲೆಯಲ್ಲೇ ನೀಲೇಶ್ವರದ ಕೋಟಪ್ಪುರಂನಿಂದ ವಲಿಯಪರಂಬಕ್ಕೆ ಹೌಸ್‌ಬೋಟ್ ಉಂಟು. ಜಲಸಾರಿಗೆ ಇಲಾಖೆಯ ವಾಟರ್ ಟ್ಯಾಕ್ಸಿ 2020ರಲ್ಲಿ ಶುರುವಾದದ್ದು, 10 ಜನ ಕೂರಬಹುದು, ಬಾಡಿಗೆ ಗಂಟೆ ಲೆಕ್ಕದಲ್ಲಿ. ಕುಟುಂಬ ಪೂರ್ತಿ ಹೊರಟರೆ ಸರಿ, ಮೂವರಿಗೆ ದಂಡ.

ಜೆಟ್ಟಿಯಲ್ಲಿ ಯಾರೋ ಬಂದು "ಕೊಟ್ಟಾಯಂ ಬೋಟು ಇವತ್ತಿಲ್ಲ, ಶಿಕಾರ (ಬಾಡಿಗೆಯ ಸಣ್ಣ ದೋಣಿ) ಮಾಡಿಕೊಡುತ್ತೇನೆ" ಅಂದರೆ ನಂಬಬೇಡಿ, ಜೆಟ್ಟಿಯ ಸ್ಟೇಷನ್ ಮಾಸ್ಟರರ ಕೌಂಟರಿನಲ್ಲೇ ವಿಚಾರಿಸಿ. ನಮ್ಮ ಕಾಸರಗೋಡು ಮಲಯಾಳ ಕೇಳಿ ನಗುತ್ತಾರೆ, ನಗಲಿ. ಕೇಳಬೇಕಾದದ್ದು ಇಷ್ಟೇ: ಬೋಟು ಕೋಡಿಮತದವರೆಗೆ ಹೋಗುತ್ತದಾ, ಅದಕ್ಕಿಂತ ಮೊದಲು ಸಿಗುವ ಕಾಞಿರಂ ಜೆಟ್ಟಿಯಲ್ಲೇ ನಿಲ್ಲುತ್ತದಾ? ತೋಡಿನಲ್ಲಿ ಅಂತರಗಂಗೆ ಕಳೆ ಕಟ್ಟಿಕೊಂಡರೆ ಅಥವಾ ಪಾಲ ಕೈಕೊಟ್ಟರೆ ಕಾಞಿರಂನಲ್ಲೇ ಇಳಿಸುತ್ತಾರೆ. ಕೋಡಿಮತದಿಂದ ರೈಲ್ವೆ ಸ್ಟೇಷನ್‌ಗೆ ಆಟೋ ಮಾಡಿ, ವಯಸ್ಸಾದವರು ನಡೆಯುವಷ್ಟು ಹತ್ತಿರ ಅಲ್ಲ.