ಆಫೀಸಿನಲ್ಲಿ ಸುವಾರ್ತೆ ಹೇಳಬಹುದಾ? ಹೇಳುವುದಾದರೆ ಯಾರಿಗೆ, ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ನೀವು ಬೆಂಗಳೂರಿನ ಒಂದು ಕಂಪನಿಯಲ್ಲಿ ಟೀಮ್ ಲೀಡ್. ಈಚೆಗೆ ಕ್ರಿಸ್ತನನ್ನು ನಂಬಿದ್ದೀರಿ. ಕೆಲಸದ ಜಾಗದಲ್ಲೂ ಸಾಕ್ಷಿ ಹೇಳಬೇಕು, ಅಂದರೆ ಯೇಸುವಿನ ಸುವಾರ್ತೆಯನ್ನು ಬೇರೆಯವರಿಗೆ ತಿಳಿಸಬೇಕು ಅಂತ ನಿಮ್ಮ ಪಾಸ್ಟರ್ ಒತ್ತಾಯ ಮಾಡುತ್ತಾರೆ. ಹೇಗೆ ಶುರು ಮಾಡುವುದು, ಕಾನೂನಿನ ತೊಂದರೆ ಇದೆಯಾ ಅಂತ ಕೇಳಿದ್ದೀರಿ.

ನಾನು ಮಂಗಳೂರು ಕಡೆಯ ಪ್ರೊಟೆಸ್ಟಂಟ್ ಮನೆಯವನು. ಬಹಳ ವರ್ಷಗಳಿಂದ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ನನಗೆ ತೋಚಿದ್ದನ್ನು ಹೇಳುತ್ತೇನೆ.

ಹೇಳಬಹುದು. ಆದರೆ ಎಲ್ಲರಿಗೂ ಅಲ್ಲ. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು 'ಟೀಮ್ ಲೀಡ್' ಅನ್ನುವಲ್ಲಿ. ನಿಮ್ಮ ಕೈಕೆಳಗಿನವರ ರಜೆ, ಶಿಫ್ಟು, ಅಪ್ರೈಸಲ್ ಎಲ್ಲ ನಿಮ್ಮ ಕೈಯಲ್ಲಿದೆ. ಅಂಥವರ ಮುಂದೆ ನೀವು ಯೇಸುವಿನ ಮಾತು ಎತ್ತಿದರೆ ಅವರು ಏನು ಮಾಡುತ್ತಾರೆ? ತಲೆ ಆಡಿಸುತ್ತಾರೆ. 'ಚೆನ್ನಾಗಿದೆ ಸಾರ್' ಅನ್ನುತ್ತಾರೆ. ಕರೆದರೆ ಒಂದು ಭಾನುವಾರ ಚರ್ಚಿನ ಸಭೆಗೂ ಬರಬಹುದು. ಅದನ್ನು ನೀವು ಆಸಕ್ತಿ ಅಂದುಕೊಳ್ಳುತ್ತೀರಿ. ಅವರು ಅದನ್ನು ಕೆಲಸದ ಒಂದು ಭಾಗ ಅಂದುಕೊಂಡಿರುತ್ತಾರೆ. ಹೌಸ್‌ಕೀಪಿಂಗ್ ಅಮ್ಮ, ಸೆಕ್ಯೂರಿಟಿಯವರು, ಹೊಸ ಟ್ರೈನಿಗಳು, ಕಾಂಟ್ರಾಕ್ಟ್ ಮೇಲೆ ಇರುವವರು, ಇವರೆಲ್ಲ ಇದೇ ಲೆಕ್ಕಕ್ಕೆ ಬರುತ್ತಾರೆ. ನಿಮಗೆ 'ಬೇಡ' ಅನ್ನೋಕೆ ಯಾರಿಗೆ ಕಷ್ಟವೋ ಅವರ ಹತ್ತಿರ ನೀವಾಗಿ ಈ ಮಾತು ತೆಗೆಯಬೇಡಿ. ಉಳಿದದ್ದರಲ್ಲಿ ಹೆಚ್ಚು ಕಮ್ಮಿ ಆದರೂ ಪರವಾಗಿಲ್ಲ, ಇದೊಂದನ್ನು ಮಾತ್ರ ಬಿಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳೋಕೆ ನಮ್ಮೂರಿನ ಚರಿತ್ರೆಯೂ ಒಂದು ಕಾರಣ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರೈಸ್ತರಾದವರಿಗೆ ಮನೆಯೂ ಹೋಯಿತು, ಜಾತಿಯ ಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆ ಅಂತ ಮಿಷನ್ ನೇಯ್ಗೆ ಶುರು ಮಾಡಿತು. 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಅಂತ ದೇಶವೆಲ್ಲ ಹೆಸರಾದದ್ದು ಅಲ್ಲಿಂದಲೇ. ಎಷ್ಟೋ ಕುಟುಂಬಗಳು ಅದರಿಂದ ಬದುಕಿದವು. ಅದನ್ನು ಸಣ್ಣದು ಮಾಡಿ ಮಾತಾಡುವ ಉದ್ದೇಶ ನನಗಿಲ್ಲ. ಆದರೆ ಕೆಲಸ ಕೊಡುವವನೂ ಸುವಾರ್ತೆ ಹೇಳುವವನೂ ಒಬ್ಬನೇ ಆದಾಗ ಒಂದು ಅನುಮಾನ ಅಂಟಿಕೊಳ್ಳುತ್ತದೆ. ಇವನು ಬಂದದ್ದು ಕ್ರಿಸ್ತನಿಗಾಗಿಯೋ, ಅನ್ನಕ್ಕಾಗಿಯೋ? ತಲೆಮಾರುಗಳು ಕಳೆದರೂ ನಮ್ಮ ಕಡೆಯವರು ಆ ಚುಚ್ಚುಮಾತು ಕೇಳುತ್ತಲೇ ಇದ್ದೇವೆ. ನಿಜವಾಗಿ ನಂಬಿ ಬಂದವನ ನಂಬಿಕೆಗೂ ಬೆಲೆ ಇಲ್ಲದ ಹಾಗೆ ಆಗುತ್ತದೆ. ನಿಮ್ಮ ಟೀಮಿನ ಹುಡುಗನಿಗೆ ಆ ಗತಿ ಬೇಡ ಅಲ್ವಾ?

ಅಪೊಸ್ತಲ ಪೌಲ ದುಡಿಯುತ್ತಲೇ ಸುವಾರ್ತೆ ಸಾರಿದ ಅಂತ ನಿಮ್ಮ ಪಾಸ್ಟರ್ ಉದಾಹರಣೆ ಕೊಟ್ಟಿರಬಹುದು. ಎಲ್ಲರೂ ಕೊಡುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ಒಮ್ಮೆ ನಿಧಾನವಾಗಿ ಓದಿ. ಕೊರಿಂಥದಲ್ಲಿ ಪೌಲ ಅಕ್ವಿಲ, ಪ್ರಿಸ್ಕಿಲ್ಲ ಅವರ ಮನೆಯಲ್ಲಿದ್ದು ಡೇರೆ ಮಾಡುವ ಕೆಲಸ ಮಾಡುತ್ತಿದ್ದ. ಮೂವರದೂ ಒಂದೇ ಕಸುಬು. ಅವನು ವಾದ ಮಾಡಿದ್ದು ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ತಿನಲ್ಲಿ, ಅವರ ಸಭಾಮಂದಿರದಲ್ಲಿ. ಕೇಳಬೇಕು ಅಂತಲೇ ಜನ ಬರುವ ಜಾಗ ಅದು. ಡೇರೆ ಕೊಳ್ಳೋಕೆ ಬಂದವರನ್ನು ಹಿಡಿದು ಕೂರಿಸಿ ಬೋಧನೆ ಮಾಡಿದ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಪೇತ್ರನ ಮೊದಲ ಪತ್ರದ 3:15 ಕೂಡ ನೋಡಿ. ಕೇಳಿದವರಿಗೆ ಉತ್ತರ ಹೇಳೋಕೆ ಸಿದ್ಧವಾಗಿರಿ, ಅದನ್ನೂ ಮೆತ್ತಗೆ, ಮರ್ಯಾದೆಯಿಂದ ಹೇಳಿ ಅನ್ನುತ್ತಾನೆ. ಮೊದಲು ಅವರು ಕೇಳಬೇಕು.

ಕೇಳ್ತಾರಾ ಅಂತ ನಿಮಗೆ ಅನುಮಾನ ಇರಬಹುದು. ಕೇಳ್ತಾರೆ. ನಮ್ಮ ಊರಿನ ಆಫೀಸುಗಳಲ್ಲಿ ದೇವರ ವಿಷಯ ಬರದ ವಾರವೇ ಇಲ್ಲ.

ಆಯುಧ ಪೂಜೆಯನ್ನೇ ತಗೊಳ್ಳಿ. ಕಂಪ್ಯೂಟರಿಗೆ ಕುಂಕುಮ, ಬಾಗಿಲಿಗೆ ಬೂದುಗುಂಬಳ, ಎಲ್ಲರ ಕೈಗೂ ಪುರಿ, ಸಿಹಿ. ನೀವು ಏನು ಮಾಡುತ್ತೀರಿ ಅಂತ ಎಲ್ಲರೂ ಗಮನಿಸುತ್ತಾರೆ, ಅದರಲ್ಲೂ ನೀವು ಹೊಸದಾಗಿ ನಂಬಿದವರು. ಪ್ರಸಾದ ತಿನ್ನಬಹುದಾ ಬಾರದಾ ಅನ್ನುವುದು ನಮ್ಮಲ್ಲೇ ಒಬ್ಬೊಬ್ಬರಿಗೆ ಒಂದೊಂದು ಥರ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 8, 10ನೇ ಅಧ್ಯಾಯ ಓದಿ ನಿಮ್ಮ ಮನಸ್ಸಾಕ್ಷಿಗೆ ಸರಿ ಕಂಡದ್ದನ್ನು ಮಾಡಿ. ನಾನು ಪೂಜೆಯಲ್ಲಿ ಕೈ ಮುಗಿಯುವುದಿಲ್ಲ. ಆದರೆ ಹಿಂದಿನ ದಿನ ಮೇಜು ಒರೆಸೋಕೆ, ಹೂ ತರೋಕೆ, ಊಟ ಬಡಿಸೋಕೆ ಎಲ್ಲರ ಜೊತೆ ಇರುತ್ತೇನೆ. ಆ ದಿನ ರಜೆ ಹಾಕಿ ತಪ್ಪಿಸಿಕೊಳ್ಳುವವರನ್ನು ನೋಡಿದ್ದೇನೆ. ಮುಖ ಗಂಟು ಹಾಕಿಕೊಂಡು ಮೂಲೆಯಲ್ಲಿ ನಿಲ್ಲುವವರನ್ನೂ ನೋಡಿದ್ದೇನೆ. ಅವರ ಹತ್ತಿರ ಯಾರೂ ಏನೂ ಕೇಳುವುದಿಲ್ಲ. 'ಯಾಕೆ ಸಾರ್, ನೀವು ಕೈ ಮುಗಿಯಲ್ವಾ?' ಅಂತ ಊಟದ ಹೊತ್ತಿಗೆ ನನ್ನ ಹತ್ತಿರ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೆರಡು ವಾಕ್ಯದಲ್ಲಿ ಹೇಳುತ್ತೇನೆ. ಅಷ್ಟು ಸಾಕು. ಅವರ ಪೂಜೆ ತಪ್ಪು ಅಂತ ಮಾತ್ರ ಹೇಳೋಕೆ ಹೋಗುವುದಿಲ್ಲ. ಅವರು ಕೇಳಿದ್ದು ನನ್ನ ನಂಬಿಕೆಯ ಬಗ್ಗೆ, ಅವರದರ ಬಗ್ಗೆ ತೀರ್ಪು ಕೊಡಿ ಅಂತಲ್ಲ.

ಇನ್ನೊಂದು ದಿನ ಗುಡ್ ಫ್ರೈಡೇ. ರಜೆ ಅಂದರೆ ಹಬ್ಬ ಅಂದುಕೊಂಡು ಪಾಪ ಯಾರೋ 'ಹ್ಯಾಪಿ ಗುಡ್ ಫ್ರೈಡೇ' ಅಂತ ಮೆಸೇಜ್ ಹಾಕುತ್ತಾರೆ. ನಮ್ಮಲ್ಲಿ ಕೆಲವರು ಇದಕ್ಕೆ ಸಿಡುಕುತ್ತಾರೆ! ಸಿಡುಕೋಕೆ ಏನಿದೆ? 'ಥ್ಯಾಂಕ್ಸ್, ಆದರೆ ಇದು ಯೇಸು ಶಿಲುಬೆಯಲ್ಲಿ ಸತ್ತ ದಿನ, ನಾವು ಶುಭಾಶಯ ಹೇಳುವುದು ಭಾನುವಾರ, ಈಸ್ಟರ್‌ಗೆ' ಅಂತ ಬರೆಯಿರಿ. ಸತ್ತ ದಿನವನ್ನು ಗುಡ್ ಅಂತ ಯಾಕೆ ಕರೆಯುತ್ತೀರಿ ಅಂತ ಅವರೇ ಕೇಳುತ್ತಾರೆ. ಅವನು ಸತ್ತದ್ದು ನಮ್ಮ ಪಾಪಗಳಿಗಾಗಿ ಅನ್ನುವ ಸುವಾರ್ತೆಯ ತಿರುಳೇ ಅಲ್ಲಿದೆ.

ಬೆಂಗಳೂರಿನವರಿಗೆ ಯೇಸು ಪೂರ್ತಿ ಹೊಸಬನೂ ಅಲ್ಲ. ವಿವೇಕನಗರದ ಬಾಲ ಯೇಸು ದೇವಾಲಯಕ್ಕೆ ಗುರುವಾರ ಎಷ್ಟು ಹಿಂದೂಗಳು ಹೋಗುತ್ತಾರೆ ನೋಡಿ. ಸೆಪ್ಟೆಂಬರ್ 8ರ ಶಿವಾಜಿನಗರದ ಸೇಂಟ್ ಮೇರಿ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ನಿಮ್ಮ ಪಕ್ಕದ ಸೀಟಿನವರ ಅಜ್ಜಿ ಅಲ್ಲಿ ಮೇಣದ ಬತ್ತಿ ಹಚ್ಚಿರಬಹುದು. ಅವರಿಗೆ ಏನೂ ಗೊತ್ತಿಲ್ಲ ಅಂತ ಅ ಆ ಇ ಈಯಿಂದ ಶುರು ಮಾಡಬೇಡಿ. ಮೊದಲು ಅವರ ಕಥೆ ಕೇಳಿ.

ಕೇಳುವ ವಿಷಯ ಬಂದರೆ ನನಗೆ ಉತ್ತಂಗಿ ಚನ್ನಪ್ಪನವರ ನೆನಪಾಗುತ್ತದೆ. ಕ್ರೈಸ್ತ ಪಾದ್ರಿ. ಹಳ್ಳಿ ಹಳ್ಳಿಯಿಂದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ತಮ್ಮ ನಂಬಿಕೆ ಬಿಡಲಿಲ್ಲ, ಜನ ಅವರನ್ನು ದೂರ ಇಡಲೂ ಇಲ್ಲ. ನಮ್ಮ ಸಭೆಗಳಲ್ಲಿ ಅವರ ಹೆಸರು ಕೇಳುವುದೇ ಅಪರೂಪ ಆಗಿದೆ, ಅದು ಬೇರೆ ಮಾತು.

ಮಾಡಬಾರದ್ದು ಕೆಲವಿದೆ. ಆಫೀಸ್ ವಾಟ್ಸ್‌ಆ್ಯಪ್ ಗುಂಪಿಗೆ ದಿನಾ ಬೆಳಗ್ಗೆ ಬೈಬಲ್ ವಾಕ್ಯ ಕಳಿಸಬೇಡಿ, ಯಾರೂ ಓದಲ್ಲ. ಮೇಜಿನ ಮೇಲೆ ಕರಪತ್ರ ಇಟ್ಟು ಹೋಗಬೇಡಿ. ಯಾರಿಗಾದರೂ ಕಾಯಿಲೆ ಆದಾಗ 'ನಿಮಗಾಗಿ ಪ್ರಾರ್ಥನೆ ಮಾಡಲಾ?' ಅಂತ ಕೇಳಿ. ಬಹುತೇಕ ಯಾರೂ ಬೇಡ ಅನ್ನುವುದಿಲ್ಲ. ಹೂಂ ಅಂದರೆ ಮನೆಯಲ್ಲಿ ಪ್ರಾರ್ಥನೆ ಮಾಡಿ, ಆಮೇಲೆ ಹೇಗಿದ್ದೀರಿ ಅಂತ ವಿಚಾರಿಸಿ. ಮೀಟಿಂಗ್ ರೂಮಿನಲ್ಲಿ ತಲೆ ಮೇಲೆ ಕೈ ಇಡುವುದು, ವಾಸಿಯಾಗುತ್ತದೆ ಅಂತ ಮಾತು ಕೊಡುವುದು ಬೇಡವೇ ಬೇಡ. ಮತ್ತೆ, ಕೆಲಸ ಸರಿಯಾಗಿ ಮಾಡಿ. ತಿಂಗಳ ಕೊನೆಯ ಕ್ಲೋಸಿಂಗ್ ಬೇರೆಯವರ ತಲೆಗೆ ಕಟ್ಟಿ ಉಪವಾಸ ಪ್ರಾರ್ಥನೆಗೆ ಓಡುವವನ ಸಾಕ್ಷಿಯನ್ನು ಯಾರು ಕೇಳುತ್ತಾರೆ ಹೇಳಿ?

ಈಗ ಕಾನೂನು. ನಾನು ವಕೀಲ ಅಲ್ಲ, ಆದರೂ ಇಷ್ಟು ತಿಳಿದಿರಲಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಪ್ರಚಾರದ ಹಕ್ಕು ಅಂದರೆ ನಮ್ಮ ನಂಬಿಕೆಯನ್ನು ವಿವರಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆ ಆಮಿಷದ ಪಟ್ಟಿಯಲ್ಲಿ ಉಡುಗೊರೆ, ಹಣದ ಜೊತೆ ಉದ್ಯೋಗವನ್ನೂ ಸೇರಿಸಿತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಕಾಯ್ದೆಯ ಬಗ್ಗೆ ನನಗೆ ಬಹಳ ತಕರಾರಿದೆ. ಆದರೆ ಬಡ್ತಿ ಕೊಡುವ ಸ್ಥಾನದಲ್ಲಿರುವವನು ಈ ವಿಷಯದಲ್ಲಿ ಎರಡು ಪಟ್ಟು ಹುಷಾರಾಗಿರಬೇಕು ಅನ್ನೋಕೆ ಕಾಯ್ದೆಯೇ ಬೇಕಿಲ್ಲ. ನಿಮ್ಮ ಕಂಪನಿಯ ನಿಯಮಗಳನ್ನೂ ಒಮ್ಮೆ ಓದಿಕೊಳ್ಳಿ.

ಇನ್ನು ನಿಮ್ಮ ಟೀಮಿನವರೇ ತಾವಾಗಿ ಬಂದು ಕೇಳಿದರೆ? ಕೇಳಿದಷ್ಟಕ್ಕೆ ಉತ್ತರ ಕೊಡಿ, ಮುಚ್ಚಿಡಬೇಡಿ. ಇನ್ನೂ ತಿಳಿಯಬೇಕು ಅಂದರೆ ಆಫೀಸಿಗೆ ಸಂಬಂಧ ಇಲ್ಲದ ಒಬ್ಬ ವಿಶ್ವಾಸಿಯ ಪರಿಚಯ ಮಾಡಿಸಿ, ನೀವು ಹಿಂದೆ ಸರಿಯಿರಿ. ಅವರು ಸಭೆಗೆ ಹೋದರಾ, ಏನಾಯಿತು ಅಂತ ಸೋಮವಾರ ವಿಚಾರಿಸಬೇಡಿ. ಅಪ್ರೈಸಲ್ ಹತ್ತಿರ ಇದ್ದರೆ ಅದು ಮುಗಿಯುವವರೆಗೆ ಈ ಮಾತನ್ನೇ ಮುಂದಕ್ಕೆ ಹಾಕಿ. ಯಾಕೆ ಅಂತ ಅವರಿಗೂ ನೇರವಾಗಿ ಹೇಳಿಬಿಡಿ. ಪಾಸ್ಟರ್ ಬೇಸರ ಮಾಡಿಕೊಂಡರೆ ಅವರಿಗೂ ಇದನ್ನೇ ಹೇಳಿ.