ಓದುಗರ ಪ್ರಶ್ನೆ: ಹಳೆಯ ಗಾಲ್ಫ್ ಮೈದಾನಗಳ ಪಾರ್ 3

ಪ್ರಶ್ನೆ: ರಾಯಲ್ ಟ್ರೂನ್ ಮೈದಾನದ ‘ಪೋಸ್ಟೇಜ್ ಸ್ಟಾಂಪ್’ ಎಂಬ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಬರೀ 123 ಗಜ. ನಮ್ಮಲ್ಲಿ ಭಾನುವಾರ ಮಾತ್ರ ಆಡುವವರೂ ಅಷ್ಟು ದೂರ ಹೊಡೆಯುತ್ತಾರೆ. ವೃತ್ತಿಪರರು ಅಲ್ಲಿ ಎಡವುವುದೇಕೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಅಲ್ಲಿ ದೂರ ಲೆಕ್ಕಕ್ಕೇ ಬರುವುದಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಈ 8ನೇ ಹೋಲ್‌ನಲ್ಲಿ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಎತ್ತರದಲ್ಲಿದೆ. ನಡುವೆ ತಗ್ಗು, ಆಚೆ ಮರಳುದಿಬ್ಬದ ಪಕ್ಕೆ ಕೊರೆದು ಕೂರಿಸಿದ ಇಕ್ಕಟ್ಟಾದ ಗ್ರೀನ್ (ಗುಳಿಯಿರುವ ನುಣ್ಣನೆಯ ಹುಲ್ಲುಹಾಸು), ಸುತ್ತ ಐದು ಬಂಕರ್ (ಮರಳುಗುಂಡಿ). ಎಡಗಡೆಯದೊಂದಕ್ಕೆ ‘ಕಾಫಿನ್’ ಎಂದೇ ಹೆಸರು. ಶವಪೆಟ್ಟಿಗೆಯಂತೆ ಕಿರಿದು, ಗೋಡೆ ನೆಟ್ಟಗೆ. ಒಳಗಿನಿಂದ ಜೋರಾಗಿ ಎತ್ತಿದರೆ ಚೆಂಡು ಗ್ರೀನ್ ದಾಟಿ ಎದುರಿನ ಬಂಕರಿಗೆ. ಮೆಲ್ಲಗೆ ಎತ್ತಿದರೆ ಗೋಡೆಗೆ ಬಡಿದು ಮತ್ತೆ ಕಾಲಬುಡಕ್ಕೆ. 1950ರ ಬ್ರಿಟಿಷ್ ಓಪನ್ ಪಂದ್ಯಾವಳಿಯಲ್ಲಿ ಜರ್ಮನಿಯ ಹವ್ಯಾಸಿ ಆಟಗಾರ ಹರ್ಮನ್ ಟಿಸ್ಸೀಸ್ ಹೀಗೆ ಬಂಕರ್‌ನಿಂದ ಬಂಕರಿಗೆ ಸಿಕ್ಕಿ 15 ಹೊಡೆತ ತೆಗೆದುಕೊಂಡರು. ಅದರಲ್ಲಿ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಒಂದೇ ಒಂದು.

ಇದರ ಮೇಲೆ ಕಡಲಗಾಳಿ. ಎದುರುಗಾಳಿಗೆ ವೆಜ್ (ಚೆಂಡನ್ನು ಎತ್ತರಕ್ಕೆ ಏರಿಸುವ ಕ್ಲಬ್) ಹಿಡಿದು ಬಲವಾಗಿ ಬೀಸಿದಷ್ಟೂ ಬ್ಯಾಕ್‌ಸ್ಪಿನ್, ಅಂದರೆ ಚೆಂಡಿನ ಹಿಮ್ಮುಖ ತಿರುಗು, ಹೆಚ್ಚುತ್ತದೆ. ಚೆಂಡು ಇನ್ನೂ ಮೇಲೇರಿ, ಗಾಳಿಯಲ್ಲಿ ನಿಂತಂತಾಗಿ, ಗ್ರೀನ್ ಮುಟ್ಟುವ ಮೊದಲೇ ಬೀಳುತ್ತದೆ. ಇದಕ್ಕೆ ಮದ್ದು ತಿರುಗುಮುರುಗು: ಎರಡು ನಂಬರ್ ಉದ್ದದ ಕ್ಲಬ್ ತೆಗೆದುಕೊಳ್ಳಿ (ನಂಬರ್ ಕಡಿಮೆಯಾದಷ್ಟೂ ಕ್ಲಬ್ ಉದ್ದ), ಹಿಡಿ ಒಂದಂಗುಲ ಕೆಳಗೆ ಬರಲಿ, ಮುಕ್ಕಾಲು ಬೀಸಿಗೆ ನಿಲ್ಲಿಸಿ. 1973ರ ಓಪನ್‌ನಲ್ಲಿ 71ರ ವಯಸ್ಸಿನ ಜೀನ್ ಸಾರಾಜೆನ್ ಒಂದೇ ಹೊಡೆತಕ್ಕೆ ಚೆಂಡನ್ನು ಗುಳಿಗೆ ಹಾಕಿದ್ದು ಇದೇ ಹೋಲ್‌ನಲ್ಲಿ, 5-ಐರನ್ ಕ್ಲಬ್‌ನಿಂದ.

ಪ್ರಶ್ನೆ: ‘ರೆಡಾನ್’ ಎಂದರೇನು? ಜಗತ್ತೆಲ್ಲ ಅದನ್ನು ನಕಲು ಮಾಡಿದ್ದೇಕೆ?
– ಓದುಗರು, ಸಕಲೇಶಪುರ

ಉತ್ತರ: ನಿಮ್ಮ ಕಾಫಿ ಕಣವನ್ನೇ ನೆನೆಸಿಕೊಳ್ಳಿ. ನೀರು ನಿಲ್ಲದಿರಲೆಂದು ಒಂದು ಮೂಲೆಗೆ ವಾಟ ಕೊಟ್ಟಿರುತ್ತೀರಿ. ಆ ಕಣವನ್ನು ನಿಮ್ಮೆದುರು ಓರೆಯಾಗಿ ತಿರುಗಿಸಿ, ಬಲ-ಮುಂಭಾಗ ಎತ್ತರ, ಎಡ-ಹಿಂಭಾಗ ತಗ್ಗು ಮಾಡಿ, ಎಡ-ಮುಂಭಾಗಕ್ಕೆ ಆಳವಾದ ಬಂಕರ್ ತೋಡಿದರೆ ಅದೇ ರೆಡಾನ್. ಮೂಲ ಇರುವುದು ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಮೈದಾನದ 15ನೇ ಹೋಲ್‌ನಲ್ಲಿ, ಉದ್ದ ಸುಮಾರು 190 ಗಜ. ಹೆಸರು ಬಂದದ್ದು ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ಟೊಪೋಲ್‌ನಲ್ಲಿದ್ದ ಕೋಟೆಯಿಂದ.

ಬಾವುಟಕ್ಕೆ ನೇರ ಹೊಡೆದರೆ ಬಂಕರ್ ದಾಟಿಸಬೇಕು. ದಾಟಿಸಿದರೂ ಗ್ರೀನ್ ನಿಮ್ಮಿಂದ ಆಚೆಗೆ ಇಳಿಯುವುದರಿಂದ ಚೆಂಡು ನಿಲ್ಲದೆ ಹಿಂದಕ್ಕೆ ಹೋಗುತ್ತದೆ. ಜಾಣ ಹೊಡೆತವೆಂದರೆ ಬಾವುಟ ಬಿಟ್ಟು ಬಲಗಡೆಯ ಎತ್ತರಕ್ಕೆ ಇಳಿಸುವುದು. ಉಳಿದದ್ದನ್ನು ವಾಟವೇ ನೋಡಿಕೊಳ್ಳುತ್ತದೆ. ಗುರಿಯನ್ನು ಬಿಟ್ಟು ಹೊಡೆದವನಿಗೆ ಗುರಿ ಸಿಗುವ ಈ ಉಪಾಯಕ್ಕೇ ಗಾಲ್ಫ್ ಮೈದಾನಗಳ ವಿನ್ಯಾಸಕಾರ ಚಾರ್ಲ್ಸ್ ಬ್ಲೇರ್ ಮೆಕ್‌ಡೊನಾಲ್ಡ್ ಮಾರುಹೋಗಿ ಅದನ್ನೇ ಅಮೆರಿಕದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲ್ ಆಗಿ ಕಟ್ಟಿದರು. ಅಲ್ಲಿಂದ ಅದು ಎಲ್ಲೆಡೆ ಹಬ್ಬಿತು.

ಒಂದು ಮಾತು ಮಾತ್ರ ಮರೆಯಬೇಡಿ. ನೆಲ ಗಟ್ಟಿಯಿದ್ದರಷ್ಟೇ ರೆಡಾನ್ ರೆಡಾನ್. ಕಡಲತೀರದ ಮರಳುನೆಲದಲ್ಲಿ ಚೆಂಡು ಉರುಳುತ್ತದೆ. ಮಲೆನಾಡಿನ ಜೂನ್–ಸೆಪ್ಟೆಂಬರ್ ಮಳೆಯಲ್ಲಿ ಬಿದ್ದಲ್ಲೇ ಹೂತು ಕೂರುತ್ತದೆ.

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿ ‘ಹಿಮಾಲಯ’ ಎಂಬ ಹೋಲ್ ಇದೆಯಂತೆ, ನಿಜವೇ?
– ಓದುಗರು, ಹಾಸನ

ಉತ್ತರ: ನಿಜ. 1860ರಲ್ಲಿ ಮೊದಲ ಓಪನ್ ನಡೆದ ಪ್ರೆಸ್ಟ್‌ವಿಕ್‌ನ 5ನೇ ಹೋಲ್ ‘ಹಿಮಾಲಯಾಸ್’. ದೊಡ್ಡ ಮರಳುದಿಬ್ಬ ಅಡ್ಡ ನಿಂತು ಗ್ರೀನ್ ಪೂರ್ತಿ ಮರೆಯಾಗಿರುತ್ತದೆ. ಐರ್ಲೆಂಡಿನ ಲಾಹಿಂಚ್‌ನ ‘ಡೆಲ್’ ಕೂಡ ಹೀಗೆಯೇ. ಅಲ್ಲಿ ಗುಳಿಯ ನೇರಕ್ಕೆ ದಿಬ್ಬದ ಮೇಲೆ ಬಿಳಿ ಕಲ್ಲು ಇಟ್ಟಿರುತ್ತಾರೆ, ಗುಳಿ ಸ್ಥಳ ಬದಲಾದರೆ ಕಲ್ಲೂ ಸರಿಯುತ್ತದೆ. ಕಾಣದ ಗ್ರೀನ್ ಈಗಿನ ವಿನ್ಯಾಸಕಾರರಿಗೆ ಹಿಡಿಸುವುದಿಲ್ಲ. ಈ ಎರಡನ್ನು ಮುಟ್ಟದೆ ಉಳಿಸಿಕೊಂಡದ್ದು ದೊಡ್ಡ ಪುಣ್ಯ.

ಪ್ರಶ್ನೆ: ತೋಟದಲ್ಲಿ 110 ಗಜ ಉದ್ದದ ಖಾಲಿ ಜಾಗವಿದೆ. ಹಳೆಯ ಮಾದರಿಯ ಒಂದು ಪಾರ್ 3 ಮಾಡಿಕೊಳ್ಳಬೇಕು. ಯಾವುದು ಸೂಕ್ತ, ಹೇಗೆ?
– ಓದುಗರು, ಮೂಡಿಗೆರೆ

ಉತ್ತರ: ಮೇಲೆ ಹೇಳಿದ ಕಾರಣಕ್ಕೆ ರೆಡಾನ್ ಬೇಡ. ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನ 11ನೇ ಹೋಲ್, ಅಂದರೆ ‘ಈಡನ್’ ಮಾದರಿ, ನಿಮಗೆ ಹೊಂದುತ್ತದೆ. ಗ್ರೀನ್ ಹಿಂದಿನಿಂದ ಮುಂದಕ್ಕೆ ಇಳಿಯುತ್ತದೆ, ಮುಂದೆ ಎಡಕ್ಕೆ ‘ಹಿಲ್’, ಬಲಕ್ಕೆ ‘ಸ್ಟ್ರಾತ್’ ಬಂಕರ್. ಇಳಿಜಾರು ನಿಮ್ಮ ಕಡೆಗೇ ಇರುವುದರಿಂದ ಒದ್ದೆಯಲ್ಲೂ ಆಟ ಕೆಡದು, ನೀರೂ ನಿಲ್ಲದು.

ವಾಟ ಎಷ್ಟು ಎಂಬಲ್ಲೇ ಹೆಚ್ಚಿನವರು ತಪ್ಪುವುದು. ಹಳೆಯ ಗ್ರೀನ್‌ಗಳು ಕಡಿದಾಗಿದ್ದವು, ಏಕೆಂದರೆ ಆಗ ಹುಲ್ಲು ಎತ್ತರ, ಚೆಂಡು ನಿಧಾನ. ಈಗ ನುಣ್ಣಗೆ ಕತ್ತರಿಸಿದ ಮೇಲೆ ಅದೇ ಇಳಿಜಾರಿನಲ್ಲಿ ಚೆಂಡು ನಿಲ್ಲುವುದಿಲ್ಲ. ಈ 11ನೇ ಗ್ರೀನ್‌ನ ಹಿಂದಿನ ಎಡಭಾಗವನ್ನೇ ಇತ್ತೀಚೆಗೆ ತಗ್ಗಿಸಬೇಕಾಯಿತು. ಆದರೂ 2015ರ ಓಪನ್‌ನಲ್ಲಿ ಗಾಳಿಗೆ ಚೆಂಡು ತಾನಾಗಿ ಸರಿದು ಆಟ ನಿಂತಿತು. ನೀವು ಹುಲ್ಲನ್ನು 8–10 ಮಿ.ಮೀ. ಇಟ್ಟುಕೊಂಡು 10 ಮೀಟರಿಗೆ 25–30 ಸೆಂ.ಮೀ. ಇಳಿಜಾರು ಕೊಡಿ. ಗಾರೆಯವರ ಲೆವೆಲ್ ಟ್ಯೂಬು ಅಳೆಯಲು ಸಾಕು.

18×15 ಮೀಟರಿನ ಮೊಟ್ಟೆಯಾಕಾರದ ಗ್ರೀನ್ ಎಂದರೆ ಸುಮಾರು 210 ಚದರ ಮೀಟರ್. ತಳದಲ್ಲಿ 4–5 ಮೀಟರಿಗೊಂದರಂತೆ ಕಾಲುವೆ ತೋಡಿ ತೂತಿನ ಪೈಪ್ ಹಾಸಿ. ಮೇಲೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳು. 21 ಘನ ಮೀಟರ್ ಜಲ್ಲಿ, 63 ಘನ ಮೀಟರ್ ಮರಳು ಬೇಕು. ತೊಳೆದ ಮರಳೇ ಆಗಲಿ. ಪುಡಿ ಇರುವ ಎಂ-ಸ್ಯಾಂಡ್ ಬಿಗಿದುಕೊಂಡು ನೀರು ಬಸಿಯದೆ ಎರಡನೇ ಮಳೆಗಾಲಕ್ಕೇ ಹುಲ್ಲು ಕೊಳೆಯುತ್ತದೆ. ಮೇಲಿನ ಇಳಿಜಾರಿನ ನೀರು ಗ್ರೀನ್‌ಗೆ ನುಗ್ಗದಂತೆ, ಕಾಫಿಗೆ ಮಾಡುವ ಹಾಗೆಯೇ, ಹಿಂದೆ ಅಡ್ಡ ಬಸಿಗಾಲುವೆ ಇರಲೇಬೇಕು.

ಬಂಕರ್ ಗೋಡೆಗೆ ಮರಳು ಹಚ್ಚಬೇಡಿ, ಒಂದು ರಾತ್ರಿಯ ಮಳೆಗೆ ಜಾರಿಬಿಡುತ್ತದೆ. ಗೋಡೆ ಹುಲ್ಲಿನದ್ದು, ತಳ ಮಾತ್ರ ಸಪಾಟಾಗಿ 10 ಸೆಂ.ಮೀ. ಮರಳು. ಹೊಸಬರು ಹೆಚ್ಚಾಗಿ ಗ್ರೀನ್‌ಗೆ ಮುಂಚೆ, ಬಲಕ್ಕೆ ಬೀಳಿಸುತ್ತಾರೆ. ಮನೆಯವರೆಲ್ಲ ಆಡುವುದಾದರೆ ಬಲಗಡೆಯ ಬಂಕರ್ ಬಿಟ್ಟೇಬಿಡಿ. ಆ ಪಕ್ಕದಲ್ಲಿ ಲೈನ್ ಮನೆ, ಕಣ, ದಾರಿ ಯಾವುದೂ ಇರಬಾರದು.

ಬರ್ಮುಡಾ ಹುಲ್ಲು ನೆರಳಿಗೆ ಒಗ್ಗದು. ಮೂಡಲ ಕಡೆಯ ಸಿಲ್ವರ್ ಓಕ್ ಕೊಂಬೆ ಸವರಿ. ಬೆಳಗಿನ ಬಿಸಿಲಿಗೆ ಇಬ್ಬನಿ ಆರದಿದ್ದರೆ ಶಿಲೀಂಧ್ರ ಹಿಡಿಯುತ್ತದೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲೇ, ಮಾರ್ಚ್‌ನೊಳಗೆ, ನೆಟ್ಟರೆ ಜೂನ್ ಹೊತ್ತಿಗೆ ನೆಲ ಮುಚ್ಚಿರುತ್ತದೆ. ಗುಳಿಯ ಅಗಲ 108 ಮಿ.ಮೀ. ಸುತ್ತ ಮೂರಡಿ ಇಳಿಜಾರು ಒಂದೇ ಸಮ ಇರುವಲ್ಲಿ ಕೊರೆಯಿರಿ, ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ.