ಟ್ರಂಕಿನೊಳಗಿನ ಮನಿಯಾರ್ಡರ್ ಚೀಟಿಗಳು

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಂದೆಯವರು 1966ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಭರ್ತಿಯಾಗಿ, 1988ರಲ್ಲಿ ಹವಾಲ್ದಾರರಾಗಿ ನಿವೃತ್ತಿ ಹೊಂದಿ, ಉಳಿದ ಆಯುಷ್ಯವನ್ನೆಲ್ಲ ಹೊಲಮನೆಯಲ್ಲಿಯೇ ಕಳೆದರು. ಊರವರಿಗೆ ಅವರು ‘ಮಿಲಿಟರಿ ಕಾಕಾ’. ಬರುವ ತಿಂಗಳು ಅವರ ಮೊದಲ ವರ್ಷದ ಪುಣ್ಯಸ್ಮರಣೆಯಿದ್ದು, ಅಂದು ಬಂದವರಿಗೆ ಕೊಡಲು ಒಂದು ಚಿಕ್ಕ ಪುಸ್ತಿಕೆ ಮಾಡಿಸಬೇಕೆಂದಿದ್ದೇವೆ. 1971ರ ಯುದ್ಧದ ಕಾಲಕ್ಕೆ ಅವರು ಸೇವೆಯಲ್ಲಿದ್ದರು. ಆದರೆ ಅದರ ಮಾತನ್ನು ಮನೆಯಲ್ಲಿ ಎಂದೂ ತೆಗೆದವರಲ್ಲ. ‘ಹುತಾತ್ಮ ವೀರಯೋಧ’ ಎಂದು ಬರೆಸಿ, ಮುಖಪುಟದ ತ್ರಿವರ್ಣ ಧ್ವಜದ ಮೇಲೆ ಅವರ ಹೆಸರು ಅಚ್ಚು ಹಾಕಿಸಬೇಕೆಂಬುದು ಅಣ್ಣನ ಆಸೆ. ನನಗಾದರೋ ನೆನಪಾಗುವುದು ನಮ್ಮನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಡುತ್ತಿದ್ದ, ಅವ್ವನಿಗೆ ಜ್ವರ ಬಂದರೆ ತಾವೇ ರೊಟ್ಟಿ ಬಡಿಯುತ್ತಿದ್ದ ಅಪ್ಪ. ಅವರ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್, ಕೆಲವು ಪದಕಗಳು, ದಾರ ಕಟ್ಟಿದ ಮನಿಯಾರ್ಡರ್ ಚೀಟಿಗಳ ಕಂತೆ ಸಿಕ್ಕಿವೆ. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ಆ ಚೀಟಿಗಳ ಕಂತೆಯಿಂದಲೇ ಆರಂಭಿಸಿರಿ. ಹಳೆಯ ಮನಿಯಾರ್ಡರ್ ಫಾರಮ್ಮಿನಲ್ಲಿ ಕಳಿಸುವವರು ನಾಲ್ಕು ಮಾತು ಬರೆಯಲು ಜಾಗವಿದ್ದ ತುಂಡು ಹಣ ಪಡೆದವರ ಕೈಯಲ್ಲಿ ಉಳಿಯುತ್ತಿತ್ತು. ಪಡೆದವರ ರುಜು ಅಥವಾ ಹೆಬ್ಬೆಟ್ಟಿನ ಗುರುತು ಬಿದ್ದ ಇನ್ನೊಂದು ತುಂಡು ಕಳಿಸಿದವರಿಗೆ ಅಂಚೆಯಲ್ಲಿ ಮರಳುತ್ತಿತ್ತು. ನಿಮ್ಮ ತಂದೆಯವರ ಟ್ರಂಕಿನಲ್ಲಿರುವುದು ಬಹುಶಃ ಈ ಎರಡನೆಯದು. ಅಂದರೆ ದೂರದ ಬ್ಯಾರಕ್ಕಿನಲ್ಲಿದ್ದ ಮನುಷ್ಯನಿಗೆ ತಿಂಗಳಿಗೊಮ್ಮೆ ಹೆಂಡತಿಯ ಕೈಗುರುತು ತಲುಪುತ್ತಿತ್ತು, ಅದನ್ನು ಅವರು ಎಸೆಯಲಿಲ್ಲ. 2015ರಲ್ಲಿ ಅಂಚೆ ಇಲಾಖೆ ಆ ಹಳೆಯ ಮನಿಯಾರ್ಡರನ್ನು ನಿಲ್ಲಿಸಿತಾದ್ದರಿಂದ, ಮೊಮ್ಮಕ್ಕಳಿಗಾಗಿ ಇಷ್ಟನ್ನು ಪುಸ್ತಿಕೆಯಲ್ಲಿ ಬಿಡಿಸಿ ಹೇಳಬೇಕಾದೀತು.

ಕಂತೆಯನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿರಿ. ನಮ್ಮ ಸೋದರಮಾವನವರೂ ಫೌಜಿನಲ್ಲಿದ್ದವರು. ಅವರ ಕಂತೆಯ ಮೊದಲ ಚೀಟಿಗಳಲ್ಲಿ ಅತ್ತೆಯ ಹೆಬ್ಬೆಟ್ಟಿನ ಮಸಿಗುರುತಿತ್ತು. ಮುಂದೊಂದು ಚೀಟಿಯಲ್ಲಿ, ಗೆರೆ ದಾಟಿ ಕೆಳಗಿಳಿದ ದಪ್ಪ ಅಕ್ಷರಗಳಲ್ಲಿ, ಅವರ ಹೆಸರಿತ್ತು. ಕೇಳಿದ್ದಕ್ಕೆ ಅತ್ತೆ ನಕ್ಕು, ಒಮ್ಮೆ ರಜೆಗೆ ಬಂದ ಮಾವ ಹಗೇವಿನ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆಸಿ ಕಲಿಸಿದ್ದನ್ನು ಹೇಳಿದರು. ಆ ಚೀಟಿ ಕಣ್ಣಿಗೆ ಬೀಳದಿದ್ದರೆ ಆ ಮಾತು ಹೊರಗೆ ಬರುತ್ತಿರಲಿಲ್ಲ. 1972ರ ಬರದ ತಿಂಗಳುಗಳ ಚೀಟಿಗಳನ್ನು ಬೇರೆ ಇಟ್ಟು, ಆ ಹಣದಲ್ಲಿ ಮನೆಗೆ ಎಷ್ಟು ಜೋಳ ಬಂತು, ಯಾರ ಸಾಲ ತೀರಿತು ಎಂದು ನಿಮ್ಮ ಅವ್ವನವರನ್ನು ಕೇಳಿರಿ. ಹಳೆಯ ಕಾಗದಗಳಿದ್ದರೆ ವಿಳಾಸವನ್ನೂ ನೋಡಿರಿ: ಊರ ಹೆಸರಿಲ್ಲದೆ 99 ಎ.ಪಿ.ಒ. (ಸೈನ್ಯದ ಅಂಚೆ ಕಚೇರಿ) ಎಂದಿದ್ದರೆ ಅವರು ಪೂರ್ವದ ಕಡೆಗಿದ್ದರೆಂದೂ, 56 ಎ.ಪಿ.ಒ. ಎಂದಿದ್ದರೆ ಬೇರೆ ಕಡೆಗಿದ್ದರೆಂದೂ ಸ್ಥೂಲವಾಗಿ ತಿಳಿಯಬಹುದು.

ಇನ್ನು ಯುದ್ಧದ ವಿಷಯ. 1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದ ಆ ಯುದ್ಧದಲ್ಲಿ ಪೂರ್ವದ ರಣರಂಗದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್ ಕೊಡಲಾಯಿತು. ಸಂಗ್ರಾಮ ಪದಕ ಅದಕ್ಕಿಂತ ಬಹಳ ಹೆಚ್ಚು ಜನರಿಗೆ ಸಂದದ್ದು. ಇವು ಸೇವೆಯ ಗುರುತುಗಳೇ ಹೊರತು ಶೌರ್ಯ ಪ್ರಶಸ್ತಿಗಳಲ್ಲ. ದುಂಡು ಪದಕದ ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಸೈನಿಕ ಸಂಖ್ಯೆ, ಹೆಸರು, ದಳ ಕೊರೆದಿರುವುದು ಕಾಣುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ, ಆ ಅಕ್ಷರಗಳು ಸವೆಯುತ್ತವೆ. ಈ ಸಂಖ್ಯೆಯನ್ನೂ ಡಿಸ್ಚಾರ್ಜ್ ಬುಕ್ಕನ್ನೂ ತೆಗೆದುಕೊಂಡು ಕಲಬುರಗಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದರೆ, ಬೆಂಗಳೂರಿನ ರೆಕಾರ್ಡ್ಸ್ ಕಚೇರಿಗೆ ಹೇಗೆ ಬರೆಯಬೇಕೆಂದು ತಿಳಿಸುತ್ತಾರೆ.

ಅವರ ದಳದ ಕೆಲಸವನ್ನೂ ಅರಿತು ಬರೆಯಿರಿ. ಯುದ್ಧವೆಂದರೆ ಬಂದೂಕು ಎಂದೇ ನಾವು ತಿಳಿದಿರುತ್ತೇವೆ. ಸ್ಯಾಪರ್‌ಗಳು, ಅಂದರೆ ಎಂಜಿನಿಯರ್ ದಳದ ಸೈನಿಕರು, ನೆಲಬಾಂಬು ತೆಗೆಯುವವರು, ದಾರಿ ಮಾಡುವವರು, ಹೊಳೆಗೆ ಸೇತುವೆ ಹಾಕಿ ಉಳಿದವರನ್ನು ದಾಟಿಸುವವರು. ನಿಮ್ಮ ತಂದೆಯವರು ಇದರಲ್ಲಿ ಏನು ಮಾಡಿದರೆಂಬುದು ಕಾಗದದಲ್ಲಿ ಸಿಕ್ಕಿದರೆ ಬರೆಯಿರಿ. ಸಿಗದಿದ್ದರೆ ‘1971ರಲ್ಲಿ ಸೇವೆಯಲ್ಲಿದ್ದರು, ಅದರ ಮಾತಾಡುತ್ತಿರಲಿಲ್ಲ’ ಎಂಬ ನಿಮ್ಮ ವಾಕ್ಯವನ್ನೇ ಇಡಿರಿ. ಅದು ನನಗೆ ‘ವೀರಾವೇಶ’ಕ್ಕಿಂತ ಹೆಚ್ಚು ಹಿಡಿಸಿತು.

ಅಣ್ಣನವರಿಗೆ ಎರಡು ಮಾತು ತಿಳಿಸಿರಿ. ‘ಹುತಾತ್ಮ’ ಎಂಬುದು ಕರ್ತವ್ಯದಲ್ಲಿ ಪ್ರಾಣ ಕೊಟ್ಟವರಿಗೆ ಸಲ್ಲುವ ಶಬ್ದ. ತುಂಬು ಬಾಳು ಬಾಳಿ ಮನೆಯಲ್ಲಿ ಕಣ್ಣು ಮುಚ್ಚಿದವರನ್ನು ‘ಹವಾಲ್ದಾರ್ (ನಿವೃತ್ತ)’ ಎಂದರೆ ಗೌರವಕ್ಕೆ ಕೊರತೆಯೇನೂ ಆಗದು. ರಾಷ್ಟ್ರಧ್ವಜದ ಮೇಲೆ ಯಾವುದೇ ಬರಹ ಬರೆಯುವುದನ್ನು 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆ ನಿಷೇಧಿಸುತ್ತದೆ, ಧ್ವಜದ ಚಿತ್ರಕ್ಕೂ ಅದು ಅನ್ವಯಿಸುತ್ತದೆ. ಮುಖಪುಟಕ್ಕೆ ಆ ಸೈಕಲ್ಲಿನ ಫೋಟೋ ಇದ್ದರೆ ಹಾಕಿರಿ.

ಒಂದು ಲೆಕ್ಕವನ್ನು ಮಾತ್ರ ಬಿಡಬೇಡಿರಿ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಒಂದು ದಿನವೂ ತಪ್ಪದೆ ಸಿಕ್ಕಿತೆಂದು ಹಿಡಿದರೂ 22 ವರ್ಷಗಳ ನೌಕರಿಯಲ್ಲಿ ಅವರು ಮನೆಯಲ್ಲಿದ್ದದ್ದು ಹೆಚ್ಚೆಂದರೆ ಐದೂವರೆ ವರ್ಷ, ಅದರಲ್ಲಿ ರೈಲಿನಲ್ಲಿ ಕಳೆದ ದಿನಗಳೂ ಸೇರುತ್ತವೆ. ನಿಮ್ಮನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಟ್ಟದ್ದು, ರೊಟ್ಟಿ ಬಡಿದದ್ದು ರಜೆಯ ದಿನಗಳಲ್ಲೋ ನಿವೃತ್ತಿಯ ನಂತರವೋ ಎಂಬುದನ್ನು ವರ್ಷಸಹಿತ ಬರೆಯಿರಿ. ಅವರಿಲ್ಲದ ಉಳಿದ ಹದಿನಾರೂವರೆ ವರ್ಷ ಹೊಲ ನೋಡಿದವರು, ರಾಶಿ ಮಾಡಿಸಿದವರು, ನಿಮ್ಮ ಕಾಯಿಲೆ ಕಸಾಲೆ ಕಂಡವರು ಅವ್ವನವರು. ಪುಸ್ತಿಕೆಯಲ್ಲಿ ಅವರ ಪಾಲೂ ಇರಬೇಕು. ಬರೆದದ್ದನ್ನು ಪ್ರೆಸ್ಸಿಗೆ ಕೊಡುವ ಮುನ್ನ ಅವರ ಮುಂದೆ ಕುಳಿತು ಪೂರ್ತಿ ಓದಿರಿ. ‘ಹಿಂಗಿರಲಿಲ್ಲ’ ಎಂದು ಅವರು ತಡೆದ ಕಡೆ ನಿಲ್ಲಿಸಿ, ಹೇಗಿತ್ತೆಂದು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ.